ಬೆನ್ನು ಬೀಳುವವನಿಗೆ ಯಾಕೆ ಪೊಲೀಸ್ ಪಟ್ಟ?

ಕದ್ದು ನೋಡುವವರಿಗೆ, ಕದ್ದು ಕೇಳುವವರಿಗೆ, ಹಿಂದೆ ಬೀಳುವವರಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು ಉಂಟು ಮಾರಾಯ್ರೆ! ಸ್ಪೈ, ಸ್ನೂಪ್, ಸ್ಟಾಕರ್, ಪೀಪಿಂಗ್ ಟಾಮ್, ಈವ್ಸ್‌ಡ್ರಾಪರ್. ಹೆಸರು ಕೇಳಿದರೆ ಸಾಕು, ಆಸಾಮಿಗೆ ಏನು ಬೇಕು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ನನಗೆ ಇಷ್ಟದ್ದು ಈವ್ಸ್‌ಡ್ರಾಪರ್. ಈವ್ಸ್ ಅಂದರೆ ಮಾಡಿನ ಅಂಚು. ಮಾಡಿನ ನೀರು ನೆಲಕ್ಕೆ ಬೀಳುವ ಜಾಗ ಇದೆಯಲ್ಲ, ಅಲ್ಲಿ ಗೋಡೆಗೆ ಒತ್ತಿ ನಿಂತು ಒಳಗಿನ ಮಾತಿಗೆ ಕಿವಿ ಕೊಡುವವನು ಇವನು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಗ್ಲೆಂಡಿನವರ ಮಳೆಯೇ ಬೇರೆ. ಉಡುಪಿಯ ಜುಲೈ ತಿಂಗಳಲ್ಲಿ ಅಲ್ಲಿ ನಿಂತವನಿಗೆ ಒಳಗಿನ ಮಾತು ಬಿಡಿ, ತನ್ನ ಸೀನೂ ಕೇಳಿಸಲಿಕ್ಕಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಹೀಗೆ ಕದ್ದು ಕೇಳಿ ಚಾಡಿ ಹಬ್ಬಿಸುವುದು ಶಿಕ್ಷೆ ಆಗುವಂಥ ತಪ್ಪಾಗಿತ್ತು. ಆ ಕಾನೂನು ಇಲ್ಲಿಗೆ ಬಂದಿದ್ದರೆ ಅರ್ಧ ಕೇರಿ ಒಳಗೆ.

ಸ್ನೂಪ್ ಡಚ್ಚರಿಂದ ಬಂದದ್ದು. ಅಲ್ಲಿ ಅದು ತಿಂಡಿಯನ್ನು ಕದ್ದು ತಿನ್ನುವುದಕ್ಕೆ ಹೇಳುವ ಮಾತು. ಪೀಪಿಂಗ್ ಟಾಮ್ ಇಂಗ್ಲೆಂಡಿನ ಕೊವೆಂಟ್ರಿ ಊರಿನ ದಂತಕಥೆಯವನು. ಗೋಡೈವಾ ಎಂಬ ಹೆಂಗಸು ಊರವರ ತೆರಿಗೆ ಇಳಿಸಲಿಕ್ಕಾಗಿ ಬಟ್ಟೆಯಿಲ್ಲದೆ ಕುದುರೆ ಏರಿ ಹೋದಾಗ, ಎಲ್ಲರೂ ಕಿಟಕಿ ಮುಚ್ಚಿದರೆ ಇವನೊಬ್ಬ ಇಣುಕಿದ. ಕಣ್ಣು ಕಳೆದುಕೊಂಡ.

ಸ್ಟಾಕರ್ ಮಾತ್ರ ತಮಾಷೆಯ ಹೆಸರಲ್ಲ. ಅದು ಬೇಟೆಯವರ ಮಾತು. ಜಿಂಕೆಗೆ ಸುಳಿವು ಸಿಗದ ಹಾಗೆ ಹೆಜ್ಜೆ ಇಟ್ಟು ಹತ್ತಿರ ಹೋಗುವುದು. 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಶೆಫರ್ ಎಂಬ 21 ವರ್ಷದ ನಟಿಯನ್ನು ಅವಳ ಮನೆಬಾಗಿಲಲ್ಲೇ ಒಬ್ಬ ಅಭಿಮಾನಿ ಗುಂಡು ಹಾರಿಸಿ ಕೊಂದ. ವರ್ಷಗಳಿಂದ ಅವಳ ಬೆನ್ನು ಬಿದ್ದಿದ್ದವನು. ಅವನಿಗೆ ವಿಳಾಸ ಸಿಕ್ಕಿದ್ದು ಖಾಸಗಿ ಪತ್ತೇದಾರರ ಮೂಲಕ. ಅವರಿಗೆ ಸಿಕ್ಕಿದ್ದು ಸರ್ಕಾರದ ವಾಹನ ಇಲಾಖೆಯ ದಾಖಲೆಯಿಂದ! ಮರುವರ್ಷ ಕ್ಯಾಲಿಫೋರ್ನಿಯಾ ಸ್ಟಾಕಿಂಗ್ ವಿರುದ್ಧ ಕಾನೂನು ತಂದಿತು. ಅಮೆರಿಕದಲ್ಲಿ ಅದೇ ಮೊದಲು.

ನಮ್ಮಲ್ಲಿ ಕಾನೂನು ಬರಲಿಕ್ಕೆ 2013 ಆಗಬೇಕಾಯಿತು, ದೆಹಲಿಯ ಬಸ್ಸಿನಲ್ಲಿ ನಡೆದ ನಿರ್ಭಯಾ ಅತ್ಯಾಚಾರದ ನಂತರ. ಆಗ ಐಪಿಸಿ 354ಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಹುಡುಗಿ ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಮಾತಿಗೆ ಪ್ರಯತ್ನಿಸಿದರೆ ಅಪರಾಧ. ಅವಳು ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕಾಯುತ್ತಾ ಕೂತರೂ ಅಪರಾಧ. ಮೊದಲ ಸಲ 3 ವರ್ಷದ ತನಕ ಜೈಲು, ಮತ್ತೆ ಮಾಡಿದರೆ 5 ವರ್ಷದ ತನಕ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟಾಪಿನಿಂದ ಹುಡುಗಿ ಹತ್ತಿದ ಬಸ್ಸಿಗೇ ದಿನಾ ಹತ್ತುವುದನ್ನು ‘ಲೈನ್ ಹಾಕೋದು’ ಅಂತ ನಗುತ್ತಾ ಹೇಳುವವರು ಆ ಸೆಕ್ಷನ್ ಒಮ್ಮೆ ಓದಿ.

ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಬ್ಬ ಇದ್ದಾನೆ. ಅವನಿಗೆ ಹುಡುಗಿಯ ಹತ್ತಿರ ಮಾತಾಡಬೇಕು ಅಂತ ಏನೂ ಇಲ್ಲ. ಅವಳ ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದಾರೆ, ಅವನ ಹೆಸರೇನು, ಯಾವ ಧರ್ಮ, ಇಷ್ಟೇ ಬೇಕು. ಹಿಂದಿನ ಸೀಟಿನಿಂದ ಒಂದು ಫೋಟೊ. ಬೈಕ್ ಆದರೆ ನಂಬರ್ ಪ್ಲೇಟು. ಅದು ವಾಟ್ಸ್ಯಾಪ್ ಗ್ರೂಪಿಗೆ ಹೋಗುತ್ತದೆ. ಮುಂದಿನ ಸ್ಟಾಪಿನಲ್ಲಿ ನಾಲ್ಕು ಜನ ಕಾಯುತ್ತಿರುತ್ತಾರೆ. ಇಬ್ಬರೂ ಒಂದೇ ಕ್ಲಾಸಿನವರಂತೆ, ನೋಟ್ಸ್ ಕೊಡಲಿಕ್ಕೆ ಬಂದದ್ದಂತೆ, ಯಾರು ಕೇಳುತ್ತಾರೆ? ಮೊದಲು ಐಡಿ ಕಾರ್ಡ್ ತೆಗಿ ಅನ್ನುತ್ತಾರೆ.

2009ರಲ್ಲಿ ಮಂಗಳೂರಿನ ಪಬ್ಬಿನಲ್ಲಿ ಇಂಥವರೇ ಹುಡುಗಿಯರನ್ನು ಹೊಡೆದರು. 2012ರಲ್ಲಿ ಅದೇ ಊರಿನ ಪಡೀಲಿನ ಹೋಮ್‌ಸ್ಟೇಗೆ ನುಗ್ಗಿದರು. ದೇಶ ಇಡೀ ಟಿವಿಯಲ್ಲಿ ನೋಡಿತು. ಹೊಡೆತ ಬಿದ್ದರೆ ಸುದ್ದಿ. ಅದಕ್ಕಿಂತ ಮೊದಲು ಯಾರೋ ಗಂಟೆಗಟ್ಟಲೆ ಹೊಂಚು ಹಾಕಿ ಕಾದಿದ್ದರೂ ಅದು ಸುದ್ದಿ ಆಗುವುದಿಲ್ಲ. 78ನೇ ಸೆಕ್ಷನ್‌ಗೂ ಅವನು ಸುಲಭಕ್ಕೆ ಸಿಕ್ಕುವುದಿಲ್ಲ. ಅವನಿಗೆ ಪ್ರೀತಿ ಬೇಕಾಗಿಲ್ಲವಲ್ಲ!

ಅಂಥವನಿಗೆ ನಾವು ಇಟ್ಟ ಹೆಸರು ನೋಡಿ: ನೈತಿಕ ಪೊಲೀಸ್. ಪಾಪದ ಟಾಮ್ ಒಂದು ಸಲ ಇಣುಕಿದ್ದಕ್ಕೆ ಶತಮಾನಗಟ್ಟಲೆ ಮರ್ಯಾದೆ ಕಳೆದುಕೊಂಡ. ಇವನಿಗೆ ನೋಡಿದರೆ ನೀತಿಯೂ ಉಂಟು, ಪೊಲೀಸ್ ಪದವಿಯೂ ಉಂಟು. ನಿಜವಾದ ಪೊಲೀಸಿನವರು ಪರೀಕ್ಷೆ ಬರೆಯಬೇಕು, ಎದೆಯ ಮೇಲೆ ಹೆಸರು ಹಾಕಿಕೊಳ್ಳಬೇಕು, ತಪ್ಪಿದರೆ ಕೋರ್ಟಿನಲ್ಲಿ ಉತ್ತರ ಕೊಡಬೇಕು. ಇವನಿಗೆ ಹಿಂದಿನ ಸೀಟು, ಒಂದು ಫೋನು ಇದ್ದರೆ ಆಯಿತು. ಕಾಮೆಂಟಿನಲ್ಲಿ ‘ಎಷ್ಟಾದರೂ ಒಳ್ಳೇದಕ್ಕೇ ಅಲ್ವಾ’ ಅಂತ ಬರೆಯುವವರು ಬಂದೇ ಬರುತ್ತಾರೆ, ಅವರಿಗೂ ಅದೇ ಹೆಸರು ಆಧಾರ.

ಬಸ್ಸಿನಲ್ಲಿ ನೋಡಿ ‘ನಿಮ್ಮ ಮಗಳು ಯಾರ ಜೊತೆಗೋ ಮಾತಾಡ್ತಿದ್ಲು’ ಅಂತ ಮನೆಗೆ ಬಂದು ಹೇಳುವ ಪಕ್ಕದ ಮನೆ ಅಕ್ಕನನ್ನು ಇದಕ್ಕೆ ಸೇರಿಸಬೇಡಿ. ಅವರದ್ದೂ ಕಿರಿಕಿರಿಯೇ. ಆದರೆ ಅವರು ಯಾರು ಅಂತ ಗೊತ್ತಿರುತ್ತದೆ. ‘ಅವನು ನನ್ನ ಫ್ರೆಂಡು ಅಕ್ಕ’ ಅಂತ ಎದುರಿಗೇ ಹೇಳಬಹುದು. ಮುಂದಿನ ಸ್ಟಾಪಿಗೆ ಅವರು ಜನ ಸೇರಿಸುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರು. ಆ ಕೇಸು ಹಾಕಿದ್ದು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರವೇ ಕಾರಣ ಕೊಡದೆ ಇಣುಕುವ ಹಾಗಿಲ್ಲ ಅಂದ ಮೇಲೆ ಹಿಂದಿನ ಸೀಟಿನವನದ್ದು ಎಂತ ಅಧಿಕಾರ?

ಇದನ್ನು ಓದುವವರಲ್ಲಿ ಪೇಪರಿನವರು ಸುಮಾರು ಜನ ಇದ್ದೀರಿ. ಇನ್ನು ಮುಂದೆ ಅವನು ಮಾಡಿದ್ದನ್ನೇ ಬರೆಯಿರಿ: ಹಿಂಬಾಲಿಸಿದ, ಫೋಟೊ ತೆಗೆದ, ಅಡ್ಡಗಟ್ಟಿದ, ಹೊಡೆದ. ಹೆಡ್ಡಿಂಗಿಗೆ ಜಾಗ ಸಾಲುವುದಿಲ್ಲ ಅಂತೀರಾ? ಇನ್ನೊಂದು ಕಾಲಂ ಕೊಡಿ.