ಸದ್ದು ನಿಂತರೆ ರಿಪೇರಿ ಆಯಿತಂತೆ!

ಈಗಷ್ಟೇ ಮೊಬೈಲಿಗೆ ಸಂದೇಶ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ.’ ಯಾವುದರ ಬಗ್ಗೆ ದೂರು ಕೊಟ್ಟಿದ್ದೆನೋ ಆ ಯಂತ್ರ, ಅಡುಗೆ ಅನಿಲ ಸೋರಿದರೆ ಕೂಗಬೇಕಾದ ಅಲಾರಂ, ನನ್ನೆದುರಿಗೆ ಊಟದ ಮೇಜಿನ ಮೇಲೆ ಅಂಗಾತ ಮಲಗಿದೆ. ಅದರ ಬಾಯಿಗೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಲಾಗಿದೆ. ಪರಿಹಾರ ಎಂದರೆ ಇದೇ.

ಕಾಫಿ ಕುಡಿಯುವ ಮೊದಲೇ ಬರೆಯುತ್ತಿದ್ದೇನೆ. ಭಾಷೆ ಖಾರವಾಗಿದ್ದರೆ ಕ್ಷಮಿಸಿ. ಕುಡಿದ ಮೇಲೆ ಬರೆದರೆ ಇನ್ನೂ ಖಾರವಾಗುತ್ತದೆ.

ನಮ್ಮ ಅತ್ತೆಗೆ 82 ವರ್ಷ, ಮೂಗು ಮಂದವಾಗಿದೆ ಎನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. (ಮೂಗು ಮಾತ್ರ. ನಾಲಿಗೆ ಚುರುಕಾಗಿಯೇ ಇದೆ.) ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ನಾರುವ ವಸ್ತುವನ್ನು ಬೆರೆಸಿ ಕಳುಹಿಸುತ್ತಾರೆ. ಮೂಗೇ ಕೈಕೊಟ್ಟವರಿಗೆ ಅದರಿಂದ ಏನು ಉಪಯೋಗ? ನಾನು ಮನೆಪಾಠಕ್ಕೆ ಹೊರಟರೆ ಸಂಜೆ ಅವರೊಬ್ಬರೇ ಇರುತ್ತಾರೆ. ಅದಕ್ಕೆಂದೇ ಕಳೆದ ದಸರಾದಲ್ಲಿ, ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ 2,400 ರೂಪಾಯಿ ಕೊಟ್ಟು, ಅನಿಲ ಸೋರಿದರೆ ಕೂಗುವ ಈ ಅಲಾರಂ ತಂದೆವು.

ಜೋಡಿಸಲು ಬಂದವನು ಅಡುಗೆಮನೆಯನ್ನು ಒಮ್ಮೆ ನೋಡಿದ. ಚಿಮಣಿಯ ಪಕ್ಕದಲ್ಲಿ, ಚಾವಣಿಯಿಂದ ಒಂದು ಗೇಣು ಕೆಳಗೆ, ಖಾಲಿ ಪ್ಲಗ್ ಪಾಯಿಂಟ್ ಇತ್ತು. ಅಲ್ಲಿ ಸಿಕ್ಕಿಸಿ, ಹಸಿರು ದೀಪ ತೋರಿಸಿ, ಐದು ನಿಮಿಷದಲ್ಲಿ ಹೊರಟುಹೋದ. ಮರುದಿನ ಬೆಳಿಗ್ಗೆ ಚಿತ್ರಾನ್ನಕ್ಕೆ ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಅದು ಕಿರುಚಿಕೊಂಡ ರೀತಿಗೆ ಅತ್ತೆ ಸೌಟು ಬಿಟ್ಟು ಹಿತ್ತಲಿಗೆ ಓಡಿದರು. ಆಮೇಲೆ ಅದೇ ದಿನಚರಿ. ಒಗ್ಗರಣೆಗೆ ಕೂಗುತ್ತಿತ್ತು. ಸಾಂಬ್ರಾಣಿಗೆ ಕೂಗುತ್ತಿತ್ತು. ನೆಂಟರ ಹುಡುಗ ಮೈಗೆ ಸೆಂಟು ಹೊಡೆದುಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅದಕ್ಕೂ ಕೂಗುತ್ತಿತ್ತು. ಎದುರು ಮನೆಯವರು ಕಾಂಪೌಂಡಿನ ಆಚೆಯಿಂದಲೇ, ‘ಏನು ಮೇಡಂ, ಇವತ್ತು ಪುಳಿಯೋಗರೆಯೇ?’ ಎಂದು ಕೇಳುವಷ್ಟು ಪ್ರಸಿದ್ಧರಾದೆವು.

ದೂರು ಕೊಟ್ಟೆ. ಮೊದಲ ಬಾರಿ ಬಂದವನು ಯಂತ್ರವನ್ನು ಕಿತ್ತು, ಅದರ ಜಾಲರಿಗೆ ಬಾಯಿಂದ ಉಫ್ ಎಂದು ಊದಿ, ‘ಧೂಳು ಇತ್ತು’ ಎಂದು 350 ರೂಪಾಯಿ ತೆಗೆದುಕೊಂಡ. ನಮ್ಮೂರ ಜಾತ್ರೆಯಲ್ಲಿ ದೃಷ್ಟಿ ತೆಗೆಯುವವರು ಸಹ ಒಂದು ಉಫ್‌ಗೆ ಇಷ್ಟು ಕೇಳುವುದಿಲ್ಲ. ವಾರಂಟಿ ಇದೆಯಲ್ಲ ಎಂದೆ. ಯಂತ್ರಕ್ಕೆ ವಾರಂಟಿ ಇದೆ, ಮನೆಗೆ ಬಂದದ್ದಕ್ಕೆ ಇಲ್ಲ ಎಂದ. ಎರಡನೆಯವನು ಇನ್ನೂ ಬುದ್ಧಿವಂತ. ‘ಒಗ್ಗರಣೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಮೇಡಂ’ ಎಂದು ನನಗೇ ಚಿಕಿತ್ಸೆ ಹೇಳಿದ. ಮೂರನೆಯವನು ಬರಲೇ ಇಲ್ಲ. ‘ಬಾಗಿಲು ಹಾಕಿತ್ತು’ ಎಂದು ಬರೆದುಕೊಂಡು ದೂರನ್ನು ಮುಗಿಸಿದ್ದಾನೆ. ಅವತ್ತು ನಾವು ಮನೆಯ ಮುಂದಿನ ಜಗುಲಿಯ ಮೇಲೆಯೇ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದೆವು.

ಇಲ್ಲಿಗೆ ನಿಲ್ಲಿಸಿದರೆ ನಾನು ಪೂರ್ತಿ ನಿರಪರಾಧಿಯಾಗುತ್ತೇನೆ. ಆದ್ದರಿಂದ ನಿಲ್ಲಿಸುವುದಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಅತ್ತೆ ಹಾಲು ಕಾಯಿಸಲು ಇಟ್ಟು ದೇವರ ಮನೆಗೆ ಹೋಗಿದ್ದರು. ಹಾಲು ಉಕ್ಕಿ ಒಲೆ ಆರಿತು, ಅನಿಲ ಬರುತ್ತಲೇ ಇತ್ತು. ಅಲಾರಂ ಕೂಗಲಿಲ್ಲ. ಕೂಗುವುದಾದರೂ ಹೇಗೆ? ಬೆಳಿಗ್ಗೆ ಹುಳಿಯ ಒಗ್ಗರಣೆಗೆ ಅರಚಿತೆಂದು ರೇಗಿಹೋಗಿ ಪ್ಲಗ್ಗಿನಿಂದ ಕಿತ್ತು ಡಬ್ಬಗಳ ಹಿಂದೆ ಎಸೆದಿದ್ದವಳು ನಾನೇ. ನಡುಮನೆಯವರೆಗೆ ವಾಸನೆ ಬಂದಾಗ ಎದ್ದು ಓಡಿದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಅತ್ತೆಯ ಕೈಹಿಡಿದು ಹೊರಗೆ ಬಂದು ಕುಳಿತೆ. ನಮ್ಮವರು ಬೀದಿಯ ಆ ತುದಿಗೆ ಹೋಗಿ ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನು ಮಾಡಿದರು. ಕತ್ತಲಲ್ಲಿ ಕುಳಿತಿದ್ದಾಗ, ಕೈ ನಡುಗುವುದು ನಿಂತ ಮೇಲೆ, ಒಂದು ವಿಷಯ ಹೊಳೆಯಿತು. ನಾಚಿಕೆಯಾಯಿತು.

ಸಿಲಿಂಡರಿನ ಅನಿಲ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರುವುದಿಲ್ಲ, ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ನಮ್ಮ ಅಲಾರಂ ಇದ್ದದ್ದು ಚಾವಣಿಯ ಹತ್ತಿರ! ಒಗ್ಗರಣೆಯ ಹೊಗೆ ಮೇಲೇರಿ ಅದರ ಮೂಗಿಗೇ ಬಡಿಯುತ್ತಿತ್ತು. ಅನಿಲವಾದರೋ ನಮ್ಮ ಕಾಲಡಿಯಲ್ಲಿ ತುಂಬಿಕೊಂಡಿರುತ್ತಿತ್ತು. ಅಂದರೆ ಅಂದು ಪ್ಲಗ್ಗಿನಲ್ಲಿ ಇದ್ದಿದ್ದರೂ ಅದು ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತೆಂಬ ಭರವಸೆ ಇಲ್ಲ. ಮರುದಿನ ಭೂತಗನ್ನಡಿ ಹಿಡಿದು ಕೈಪಿಡಿ ಓದಿದೆ. ಸಿಲಿಂಡರ್ ಅನಿಲವಾದರೆ ನೆಲದಿಂದ ಒಂದು ಅಡಿ ಎತ್ತರದಲ್ಲಿ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವಾದರೆ ಚಾವಣಿಯ ಹತ್ತಿರ ಎಂದು ಸ್ಪಷ್ಟವಾಗಿ ಬರೆದಿದೆ. ಇರುವೆಯ ತಲೆಯಷ್ಟು ದಪ್ಪದ ಅಕ್ಷರಗಳಲ್ಲಿ. 28 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವಳು ನಾನು. ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ!

ಇಂದು ಬಂದ ನಾಲ್ಕನೆಯ ಹುಡುಗನಿಗೆ ಕೈಪಿಡಿ ತೆರೆದು ತೋರಿಸಿದೆ. ‘ಇದನ್ನು ಕೆಳಗೆ ಜೋಡಿಸಿ ಕೊಡಪ್ಪ, ಅಷ್ಟೇ ಸಾಕು.’ ಕೆಳಗೆ ಪಾಯಿಂಟ್ ಇಲ್ಲ, ಪಾಯಿಂಟ್ ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ, ಅದು ನಮ್ಮದಲ್ಲ ಎಂದ. ಹಾಗಾದರೆ ನಿಮ್ಮ ಕೆಲಸ ಯಾವುದು? ಚೀಲದಿಂದ ಟೇಪು ತೆಗೆದು ಸದ್ದು ಬರುವ ತೂತುಗಳ ಮೇಲೆ ಎರಡು ಸುತ್ತು ಅಂಟಿಸಿದ. ‘ಈಗ ತೊಂದರೆ ಆಗುವುದಿಲ್ಲ ಅಮ್ಮ. ಒಂದು ಓಟಿಪಿ ಬಂದಿರುತ್ತದೆ, ಹೇಳಿ.’ ಹೇಳಲಿಲ್ಲ. ಆದರೂ ದೂರು ಮುಗಿದಿದೆ! ಆ ಓಟಿಪಿಗೆ ಏನರ್ಥವೋ, ಅದನ್ನು ಕಳುಹಿಸಿದವರೇ ಬಲ್ಲರು.

ಇದು ಈ ಒಂದು ಯಂತ್ರದ ಕಥೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಮುಖ್ಯ ಬೋರ್ಡಿನ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿತ್ತು. ವಿದ್ಯುತ್ ಎಲ್ಲಿಯಾದರೂ ಸೋರಿ ಭೂಮಿಯ ಕಡೆಗೆ ಹರಿದರೆ ತಟಕ್ಕನೆ ಕಡಿದುಹಾಕುವ ಸಾಧನ ಅದು. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. ಅಷ್ಟು ಸೋರಿದರೂ ಕಡಿಯಬೇಕು, ಏಕೆಂದರೆ ಅದಕ್ಕಿಂತ ಹೆಚ್ಚಿನದು ಮನುಷ್ಯನ ಮೈಯಲ್ಲಿ ಹರಿದರೆ ಪ್ರಾಣಕ್ಕೇ ಸಂಚಕಾರ. ಬಂದ ಎಲೆಕ್ಟ್ರಿಷಿಯನ್ ಎರಡು ತಂತಿಗಳನ್ನು ಅದರ ಪಕ್ಕದಿಂದ ನೇರವಾಗಿ ಸೇರಿಸಿ, ‘ಇನ್ನು ಮುಂದೆ ಬೀಳುವುದಿಲ್ಲ’ ಎಂದು ಎದೆಯುಬ್ಬಿಸಿ ಹೋದ. ನಿಜ, ಬೀಳಲಿಲ್ಲ. ಸಾಧನಕ್ಕೆ ಇರುವ ಟೆಸ್ಟ್ ಗುಂಡಿ ಒತ್ತಿದರೂ ಮನೆಯ ದೀಪ ಆರಲಿಲ್ಲ! ಬೇರೊಬ್ಬರನ್ನು ಕರೆಸಿದಾಗ ಸಿಕ್ಕಿದ್ದು ಬಚ್ಚಲಮನೆಯ ಗೀಸರಿನ ಸೀಳಿದ ಕಾಯಿಲ್. ಅದೇ ಗೀಸರಿನ ನೀರಿನಲ್ಲಿ ನಾವು ಹದಿನೈದು ದಿನ ಸ್ನಾನ ಮಾಡಿದ್ದೆವು.

ನಮ್ಮಲ್ಲಿ ರಿಪೇರಿ ಎಂದರೆ ಏಕೆ ಕೂಗುತ್ತಿದೆ ಎಂದು ನೋಡುವುದಲ್ಲ, ಕೂಗುವುದರ ಕತ್ತು ಹಿಸುಕುವುದು.

‘ಆ ಹುಡುಗರನ್ನು ಬೈದು ಏನು ಪ್ರಯೋಜನ? ಒಂದು ಮನೆಗೆ ಇಷ್ಟು ಎಂದು ಪುಡಿಗಾಸು ಸಿಗುತ್ತದೆ, ಕ್ಯಾತಸಂದ್ರದಿಂದ ಗುಬ್ಬಿ ಗೇಟಿನವರೆಗೆ ಬಿಸಿಲಲ್ಲಿ ಬೈಕಿನಲ್ಲಿ ಸುತ್ತುತ್ತಾರೆ, ತರಬೇತಿ ಯಾರು ಕೊಟ್ಟಿದ್ದಾರೆ?’ ಎಂದು ನಮ್ಮವರು ನ್ಯಾಯಾಧೀಶರ ದನಿಯಲ್ಲಿ ಹೇಳಿದರು. ಒಪ್ಪಿದೆ. ಇಂದಿನ ಹುಡುಗನಿಗೆ ಮಜ್ಜಿಗೆ ಕೊಟ್ಟೇ ಕಳುಹಿಸಿದ್ದೇನೆ. ಆದರೆ ಟೀವಿಯ ರಿಪೇರಿ ಬಾರದವನು ಟೀವಿ ಕೆಡಿಸಿದರೆ ನನಗೆ ಧಾರಾವಾಹಿ ತಪ್ಪುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಅತ್ತೆ ಇರುವುದಿಲ್ಲ. ತರಬೇತಿ ಕೊಡದೆ ಕಳುಹಿಸುವ ಕಂಪನಿಯವರಿಗೂ ಸ್ವಲ್ಪ ಮಜ್ಜಿಗೆ ಕುಡಿಸೋಣ ಎಂದರೆ ಅವರು ಫೋನಿಗೇ ಸಿಗುವುದಿಲ್ಲ. ಕನ್ನಡಕ್ಕೆ ಎರಡು ಒತ್ತಿ ಎನ್ನುತ್ತದೆ, ಒತ್ತಿದರೆ ಸಂಗೀತ ಕೇಳಿಸುತ್ತದೆ. ‘ನಮ್ಮ ಅಜ್ಜಿಯರ ಕಾಲದಲ್ಲಿ ಅಲಾರಂ ಇತ್ತೇ?’ ಎಂದು ಕೇಳುವವರೂ ಇದ್ದಾರೆ. ಇರಲಿಲ್ಲ ಸ್ವಾಮಿ, ಸಿಲಿಂಡರೂ ಇರಲಿಲ್ಲ.

ಮಧ್ಯಾಹ್ನ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಂಡದ್ದು ಐದು ಲಕ್ಷ ರೂಪಾಯಿಯೊಳಗಿನದಾದರೆ ಅಲ್ಲಿ ಶುಲ್ಕವಿಲ್ಲ. ನನ್ನದು 2,400 ಮತ್ತು ಒಂದು ಉಫ್. ನಿವೃತ್ತಳಾದ ಮೇಲೆ ಸಮಯಕ್ಕೇನೂ ಬರವಿಲ್ಲ. ಟೇಪು ಕಿತ್ತು, ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಳಿ ನೆಲದಿಂದ ಒಂದು ಅಡಿ ಮೇಲೆ ಪಾಯಿಂಟ್ ಹಾಕಿಸಲು ನಾಳೆ ಬರಹೇಳಿದ್ದೇನೆ. ಅವನು ಬರುವವರೆಗೆ ಒಲೆಯ ಮುಂದೆ ನಾನೇ ಕಾವಲು.

ಒಂದೇ ತೊಡಕು. ಅಂಗಡಿಯವರು ಕೊಟ್ಟದ್ದು ಆ ನುಣುಪು ಕಾಗದದ ಬಿಲ್ಲು, ಬೀರುವಿನಿಂದ ತೆಗೆದು ನೋಡಿದರೆ ಒಂದಕ್ಷರವೂ ಇಲ್ಲದೆ ಬಿಳಿಚಿಕೊಂಡಿದೆ. ಅಳಿಸಿದ ಅಕ್ಷರಗಳನ್ನು ಎಬ್ಬಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಇಸ್ತ್ರಿಪೆಟ್ಟಿಗೆ ಇಡಿ ಎನ್ನಬೇಡಿ. ಇಟ್ಟು ನೋಡಿದೆ, ಮೂಲೆಯೊಂದು ಪೂರ್ತಿ ಕಪ್ಪಾಯಿತು.