ಎಂಬಿ ಹೊರುವ ಹಮಾಲಿ

"ತೂಕವೇ ಇಲ್ಲದ ಮಾಲಿಗೆ ಹಮಾಲಿ ಯಾಕಪ್ಪಾ?"

ನಮ್ಮ ಚಿಕ್ಕಪ್ಪ ಇದನ್ನು ಕೇಳಿದ್ದು ಕೋಲಾರದ ಎಪಿಎಂಸಿಯಲ್ಲಿ, ಖಾಲಿ ಬಾಕ್ಸಿನ ಮೇಲೆ ಕೂತು ಮಂಡಿಯವರು ಕೊಟ್ಟ ಟೀ ಕುಡಿಯುತ್ತಾ. ಟೊಮೆಟೊ ಹರಾಜು ಆಗಷ್ಟೇ ಮುಗಿದಿತ್ತು. ಅವರ ಕೈಯಲ್ಲಿ ಮಂಡಿಯ ಬಿಳಿ ಚೀಟಿ. ನನ್ನ ಕೈಯಲ್ಲಿ ಮೊಬೈಲು, ಅದರಲ್ಲಿ ನನ್ನ ಮಂಡಿಯ ಚೀಟಿ. ಇಬ್ಬರೂ ಆ ವಾರ ಮಾಲು ಮಾರಿದ್ದೆವು. ಅವರು ಅರವತ್ತು ಬಾಕ್ಸು ಟೊಮೆಟೊ. ನಾನು ಒಂದು ಎಕ್ಸೆಲ್ ಹಾಳೆ.

ಹಾಳೆಯ ಕತೆ ಮೊದಲು ಹೇಳಿಬಿಡುತ್ತೇನೆ. ಕೋಲಾರದ ಒಂದು ಹೋಟೆಲಿನ ಹಾಲ್‌ನಲ್ಲಿ ಒಂದು ದಿನದ ತರಬೇತಿ ಇತ್ತು. ಶುಲ್ಕ 999 ರೂಪಾಯಿ, ಊಟ ಸೇರಿ. ಕೋಟು ಹಾಕಿದ ಹುಡುಗನೊಬ್ಬ ವೇದಿಕೆ ಹತ್ತಿ, "ದಲ್ಲಾಳಿಗಳ ಕಾಲ ಮುಗೀತು" ಎಂದ. ಚಪ್ಪಾಳೆ. "ಡಿಜಿಟಲ್ ಮಾಲು ಒಂದು ಸಲ ಮಾಡಿ, ಸಾವಿರ ಸಲ ಮಾರಿ. ನೀವು ಮಲಗಿದ್ದಾಗಲೂ ದುಡ್ಡು ಬರ್ತಾ ಇರುತ್ತೆ" ಎಂದ. ಊಟ ಆದ ಮೇಲೆ ನಮಗೆ ನಿಜಕ್ಕೂ ನಿದ್ದೆ ಬಂತು. ಆ ಹೊತ್ತಿನಲ್ಲಿ ದುಡ್ಡು ಎಣಿಸಿಕೊಂಡವನು ಅವನು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ನೀವು ಏನು ಮಾರ್ತೀರಿ ಸರ್?" ಎಂದು ಕೇಳಿದರು. ಡಿಜಿಟಲ್ ಮಾಲು ಮಾರೋದು ಹೇಗೆ ಅನ್ನೋ ವಿಡಿಯೋ ಕೋರ್ಸ್ ಮಾರುತ್ತಾನಂತೆ. ಸರಿ, ಕೋರ್ಸ್ ತಗೊಂಡವರು ಏನು ಮಾರಬೇಕು? ಅದೇ ಕೋರ್ಸನ್ನು! ಮರುಮಾರಾಟದ ಹಕ್ಕನ್ನೂ ಕೊಡುತ್ತಾನಂತೆ. ಜೊತೆಗೆ 99 ರೂಪಾಯಿಗೆ ಐದು ಸಾವಿರ ರೀಲ್ಸ್ ಇರೋ ಬಂಡಲ್ ಬೇರೆ. ಬಿತ್ತನೆ ಬೀಜ ತಂದು, ಬಿತ್ತದೆ, ಪಕ್ಕದ ಮನೆಯವನಿಗೆ ಮಾರು. ಅವನು ಅವನ ಪಕ್ಕದ ಮನೆಯವನಿಗೆ ಮಾರಲಿ. ಬೆಳೆ ಮಾತ್ರ ಯಾರೂ ಬೆಳೆಯೋದು ಬೇಡ.

ನಾನು ಸ್ವಲ್ಪ ಹಳೇ ಕಾಲದವನು. ಏನಾದರೂ ಬೆಳೆದೇ ಮಾರೋಣ ಅಂದುಕೊಂಡು ಹದಿನೈದು ದಿನ ಕೂತು ಒಂದು ಲೆಕ್ಕದ ಹಾಳೆ ಮಾಡಿದೆ. ಟೊಮೆಟೊ ಬೆಳೆಯುವವರಿಗೆ. ನರ್ಸರಿ ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಔಷಧಿ, ಕೂಲಿ, ಟೆಂಪೊ ಬಾಡಿಗೆ ಎಲ್ಲ ತುಂಬಬೇಕು. ಆಮೇಲೆ 15 ಕೆಜಿ ಬಾಕ್ಸಿನ ರೇಟು ಹಾಕಬೇಕು. ಲಾಭ ಬಂದರೆ ಕೊನೆಯ ಚೌಕ ಹಸಿರು, ನಷ್ಟ ಬಂದರೆ ಕೆಂಪು. ಪರೀಕ್ಷೆಗೆ ಚಿಕ್ಕಪ್ಪನ ಐದು ವರ್ಷದ ಲೆಕ್ಕ ತುಂಬಿದೆ. 2023ರ ಜುಲೈ ಒಂದು ಹಸಿರು. ಆ ತಿಂಗಳು ಇಲ್ಲಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಅದು. ಉಳಿದದ್ದೆಲ್ಲ ಚೆನ್ನಾಗಿ ಹಣ್ಣಾದ ಟೊಮೆಟೊ ಬಣ್ಣ.

"ಇದನ್ನ ಹೇಳೋಕೆ ಕಂಪ್ಯೂಟರ್ ಬೇಕಿತ್ತಾ?" ಎಂದರು ಚಿಕ್ಕಪ್ಪ.

ಡಾಲರ್ ಆಸೆ ಕೆಟ್ಟದ್ದು. ಹಾಳೆಯನ್ನು ಇಂಗ್ಲಿಷಿಗೂ ಇಳಿಸಿ, ಹೊರದೇಶದ ಒಂದು ಆನ್‌ಲೈನ್ ಅಂಗಡಿಯಲ್ಲಿ ಮೂರು ಡಾಲರಿಗೆ ಇಟ್ಟೆ. ಒಂದು ರಾತ್ರಿ ಎರಡು ಗಂಟೆಗೆ ಮೊಬೈಲು ಟಿಣ್ ಎಂದಿತು. ಮಾರಾಟ! ಮಲಗಿದ್ದಾಗಲೇ ಬಂತು ನೋಡಿ. ಆದರೆ ಆಮೇಲೆ ನಿದ್ದೆ ಬರಲಿಲ್ಲ, ಚೀಟಿ ಓದುತ್ತಾ ಕೂತೆ. ಅಂಗಡಿಯಲ್ಲಿ ಇಟ್ಟಿದ್ದಕ್ಕೆ ಒಂದು ಕಡಿತ, ಮಾರಿದ್ದಕ್ಕೆ ಒಂದು, ದುಡ್ಡು ಎಣಿಸಿದ್ದಕ್ಕೆ ಒಂದು, ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಇನ್ನೊಂದು. ಗಿರಾಕಿ ಜಾಹೀರಾತು ನೋಡಿ ಬಂದಿದ್ದಾನೆ ಅಂತ ಮತ್ತೊಂದು. ಜಾಹೀರಾತು ಹಾಕಿ ಅಂತ ನಾನು ಹೇಳಿರಲಿಲ್ಲ. ಉಳಿದ ಚಿಲ್ಲರೆಯನ್ನಾದರೂ ತಗೊಳ್ಳೋಣ ಅಂದರೆ, ಇಷ್ಟು ಡಾಲರ್ ಸೇರುವ ತನಕ ಬ್ಯಾಂಕಿಗೆ ಕಳಿಸುವುದಿಲ್ಲವಂತೆ. ಕನ್ನಡಿಯೊಳಗಿನ ಗಂಟನ್ನು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಇವರು ಅದಕ್ಕೆ ಒಂದು ಪುಟ ಮಾಡಿ, ಡ್ಯಾಶ್‌ಬೋರ್ಡ್ ಅಂತ ಹೆಸರಿಟ್ಟಿದ್ದಾರೆ.

ಚಿಕ್ಕಪ್ಪನಿಗೆ ಚೀಟಿ ಓದಿ ಹೇಳಿದೆ. "ಜಾತ್ರೇಲಿ ಸುಂಕ ಎತ್ತೋನೂ ಒಂದೇ ಸಲ ಎತ್ತುತ್ತಾನೆ" ಎಂದರು.

ಅವರ ಮಂಡಿಯವರೇನು ಸತ್ಯಹರಿಶ್ಚಂದ್ರನ ವಂಶ ಅಲ್ಲ. ಕಾಯ್ದೆ ಪ್ರಕಾರ ಕಮಿಷನ್ ಹಿಡಿಯಬೇಕಾದ್ದು ಕೊಳ್ಳುವವನ ಹತ್ತಿರ, ಬೆಳೆದವನ ಹತ್ತಿರ ಅಲ್ಲ. ಈ ಕಾಯ್ದೆಯನ್ನು ಬಿಳಿ ಚೀಟಿಗೆ ಮಾತ್ರ ಯಾರೂ ಓದಿ ಹೇಳಿಲ್ಲ. ಸ್ಯಾಂಪಲ್ ಅಂತ ಎತ್ತಿಕೊಳ್ಳುವ ಹಣ್ಣು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೂ ಒಂದು ಮಾತು. ರೇಟು ಬಿದ್ದರೆ ಚಿಕ್ಕಪ್ಪ ಮಂಡಿಯವನ ಮುಖದ ಮುಂದೆ ನಿಂತು ಬೈಯಬಹುದು. ಕನ್ನಡದಲ್ಲಿ ಬೈಗುಳ ಸಾಲದಿದ್ದರೆ ತೆಲುಗು ಹೇಗೂ ಇದೆ. ನನ್ನ ಮಂಡಿಗೆ ಮುಖವೇ ಇಲ್ಲ. ಬೈಯಬೇಕು ಅಂದರೆ ಮೊದಲು ಬೀದಿದೀಪ ಇರುವ ಫೋಟೋಗಳನ್ನೆಲ್ಲ ಒತ್ತಿ, ನಾನು ಮನುಷ್ಯ ಅಂತ ಸಾಬೀತು ಮಾಡಬೇಕು.

ದೊಡ್ಡ ಮಂಡಿಗಳ ರೇಟು ಇನ್ನೂ ಚಂದ. ಆಪಲ್ ಕಂಪನಿ 2008ರ ಜುಲೈನಲ್ಲಿ ಆಪ್ ಅಂಗಡಿ ತೆರೆದಾಗಲೇ ನೂರಕ್ಕೆ 30 ಅಂತ ಗೆರೆ ಎಳೆಯಿತು. ಸಣ್ಣವರ ಮೇಲೆ ಕರುಣೆ ಹುಟ್ಟಿ ಅದು 15 ಆಗಿದ್ದು 2021ರಲ್ಲಿ. ಸಣ್ಣವರು ಅಂದರೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ದುಡಿಯುವ ಬಡವರು. ನಾನೂ ಆ ಬಡವರ ಪಟ್ಟಿಗೇ ಸೇರುತ್ತೇನೆ ಅಂತ ತಿಳಿದು ಸ್ವಲ್ಪ ಹೆಮ್ಮೆ ಆಯಿತು.

ಗೂಗಲ್ ಕತೆ ಬೇರೆ. 2022ರ ಅಕ್ಟೋಬರಿನಲ್ಲಿ ನಮ್ಮ ಸ್ಪರ್ಧಾ ಆಯೋಗ, ಪ್ಲೇ ಸ್ಟೋರಿನಲ್ಲಿ ಎಲ್ಲರೂ ನಿನ್ನ ಗಲ್ಲಾಪೆಟ್ಟಿಗೆಯಲ್ಲೇ, ಅಂದರೆ ನಿನ್ನ ಪಾವತಿ ವ್ಯವಸ್ಥೆಯಲ್ಲೇ ದುಡ್ಡು ಹಾಕಬೇಕು ಅಂತ ಬಲವಂತ ಮಾಡೋದು ತಪ್ಪು ಎಂದು 936 ಕೋಟಿ ದಂಡ ಹಾಕಿತು. ಗೂಗಲ್ ಒಪ್ಪಿತು. ನಿಮ್ಮದೇ ಗಲ್ಲಾಪೆಟ್ಟಿಗೆ ತಂದುಕೊಳ್ಳಿ, 30ರ ಬದಲು 26 ಕೊಡಿ ಎಂದಿತು. ತಕ್ಕಡಿ ನಿಮ್ಮದು, ಎಣಿಸೋದು ನೀವು, ನಾಲ್ಕು ಪೈಸೆ ರಿಯಾಯಿತಿ ನಮ್ಮ ಕಡೆಯಿಂದ! ದಂಡವೂ ಮೇಲ್ಮನವಿಯಲ್ಲಿ 2025ಕ್ಕೆ 216 ಕೋಟಿಗೆ ಇಳಿಯಿತು. ಚೌಕಾಸಿ ಮಾಡೋಕೆ ಬರಬೇಕು ಅಷ್ಟೇ. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಒಂದಷ್ಟು ಭಾರತೀಯ ಆಪ್‌ಗಳನ್ನು ಅಂಗಡಿಯಿಂದಲೇ ಎತ್ತಿ ಹೊರಗಿಟ್ಟರು. ಅದರಲ್ಲಿ ಗಂಡು ಹೆಣ್ಣು ಹುಡುಕುವ ಆಪ್‌ಗಳೂ ಇದ್ದವು. ಕೇಂದ್ರ ಸಚಿವರು ನಡುವೆ ಬಂದು ಮಾತಾಡಿದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಬಂದವು. ಮದುವೆ ಮಾತುಕತೆ ಕೂಡಿಸೋಕೆ ಊರ ಹಿರಿಯರು ಬರೋದು ಗೊತ್ತಿತ್ತು. ಮದುವೆ ದಲ್ಲಾಳಿ ಮತ್ತು ಅವನ ದಲ್ಲಾಳಿಯ ಜಗಳ ಬಿಡಿಸೋಕೆ ದೆಹಲಿಯಿಂದ ಬರಬೇಕಾಯಿತು.

ಇನ್ನು ಹಮಾಲಿ ವಿಷಯ. ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ ಪುಸ್ತಕ ಮಾರಿದರೆ ಬರೆದವರಿಗೆ ನೂರಕ್ಕೆ 70 ಕೊಡುವ ಒಂದು ಯೋಜನೆ ಇದೆ. ಆದರೆ ಅದರಲ್ಲಿ ಡೆಲಿವರಿ ಖರ್ಚು ಅಂತ ಮುರಿದುಕೊಳ್ಳುತ್ತಾರೆ. ಫೈಲಿನ ಗಾತ್ರ ಅಳೆದು, ಅಮೆರಿಕದ ಅಂಗಡಿಯಲ್ಲಿ ಒಂದು ಎಂಬಿಗೆ (ಮೆಗಾಬೈಟಿಗೆ) 15 ಸೆಂಟ್. ಈ ಡೆಲಿವರಿ ಬೇಡ ಅಂದರೆ 35ರ ಯೋಜನೆ ಇದೆ. ಅದರಲ್ಲಿ ಹೊರೋದು ಪುಕ್ಕಟೆ! ಇದನ್ನು ಕೇಳಿಯೇ ಚಿಕ್ಕಪ್ಪ ಟೀ ಲೋಟ ಕೆಳಗಿಟ್ಟು ಆ ಪ್ರಶ್ನೆ ಕೇಳಿದ್ದು. ಪಕ್ಕದಲ್ಲೇ ನಮ್ಮ ಮಂಡಿಯ ಹಮಾಲಿ ಎರಡೆರಡು ಬಾಕ್ಸು ಎತ್ತಿ ಲಾರಿಗೆ ಜೋಡಿಸುತ್ತಿದ್ದ. "ಈ ಎಂಬಿ ಅನ್ನೋದು ಎಷ್ಟು ಕೆಜಿ ಸಾರ್?" ಎಂದ. ಏನೂ ತೂಕ ಇಲ್ಲ ಎಂದೆ. ಆ ಕೆಲಸ ಎಲ್ಲಿ ಸಿಗುತ್ತೆ ಅಂತ ವಿಚಾರಿಸಿದ.

ಬಂಗಾರಪೇಟೆಯ ನಮ್ಮ ಮೇಷ್ಟ್ರ ಪಾಡು ಇದಕ್ಕಿಂತ ಕಷ್ಟ. ರಿಟೈರ್ ಆದ ಮೇಲೆ ಹಳ್ಳಿ ಹಳ್ಳಿ ತಿರುಗಿ ಒಗಟು ಕೂಡಿಸಿದ್ದಾರೆ. ಇ-ಪುಸ್ತಕ ಮಾಡೋಣ ಅಂತ ಹೊರಟರು. ಕಿಂಡಲ್‌ಗೆ ಭಾರತೀಯ ಭಾಷೆಗಳು ಬಂದಿದ್ದು 2016ರ ಡಿಸೆಂಬರಿನಲ್ಲಿ. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಮೇಷ್ಟ್ರು ಆ ಐದು ಹೆಸರನ್ನು ಹಾಜರಿ ಕರೆದ ಹಾಗೆ ಎರಡು ಸಲ ಕರೆದರು. ಕನ್ನಡ ಗೈರುಹಾಜರು. ಅಮೆಜಾನ್ ಕಚೇರಿ ಬೆಂಗಳೂರಲ್ಲೇ ಇದೆ ಅಲ್ವಾ, ಅಂತ ಕೇಳಿದರು. ಇದೆ ಸಾರ್, ದೀಪದ ಬುಡ ಎಂದೆ. ಪುಟಗಳನ್ನೆಲ್ಲ ಚಿತ್ರ ಮಾಡಿ ಹಾಕಿ ಅಂತ ಯಾರೋ ಸಲಹೆ ಕೊಟ್ಟರು. ಚಿತ್ರ ಮಾಡಿದರೆ ಎಂಬಿ ಜಾಸ್ತಿ. ಎಂಬಿ ಜಾಸ್ತಿ ಆದರೆ ಹಮಾಲಿ ಜಾಸ್ತಿ.

ಬೇರೆ ಕಡೆ ಮಾರೋಣ ಅಂತ ಮೇಷ್ಟ್ರು ಒಬ್ಬ ಆಡಿಟರನ್ನು ಕೇಳಿದರು. ಅವರು ತೆರಿಗೆ ಹೇಳಿದರು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಅದೇ ಪುಸ್ತಕ ಇ-ಪುಸ್ತಕ ಆದರೆ 5. ಇದು 2018ರಲ್ಲಿ ಇಳಿಸಿದ ದರ. ಅಚ್ಚಿನ ಪ್ರತಿಯೇ ಇಲ್ಲದ, ಬರೀ ಇ-ಪುಸ್ತಕವಾದರೆ ಈ ರಿಯಾಯಿತಿ ಇಲ್ಲ, 18. ಅಂದರೆ ಕಾಗದ ಉಳಿಸಬೇಕಾದರೆ ಮೊದಲು ಕಾಗದ ಖರ್ಚು ಮಾಡಬೇಕು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೂ ಒಗಟಿಗೆ ಸೇರಿಸ್ಲಾ?" ಎಂದರು. ಇದರ ಮೇಲೆ ಅಮೆರಿಕದ ಗಿರಾಕಿ ಕೊಂಡರೆ ರಾಯಲ್ಟಿಯಲ್ಲಿ ಆ ದೇಶದ ತೆರಿಗೆ ನೂರಕ್ಕೆ 30. ಡಬ್ಲ್ಯೂ-8 ಬೆನ್ ಅನ್ನೋ ಫಾರಂ ತುಂಬಿ ಪ್ಯಾನ್ ನಂಬರ್ ಕೊಟ್ಟರೆ 15. ಬಂಗಾರಪೇಟೆ ಒಗಟಿನಿಂದ ಅಮೆರಿಕದ ಖಜಾನೆ ತುಂಬುತ್ತೆ ಅಂತ ಯಾರು ಕಂಡಿದ್ದರು?

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ ಬಿಡಿ. 1880ರಿಂದ ಕೆಜಿಎಫ್‌ನಲ್ಲಿ ಮಣ್ಣೊಳಗೆ ಇಳಿದವರು ಒಬ್ಬರು, ಚಿನ್ನದ ಲೆಕ್ಕ ಬರೆದವರು ಲಂಡನ್ನಿನ ಜಾನ್ ಟೇಲರ್ ಕಂಪನಿಯವರು. 2001ರಲ್ಲಿ ಗಣಿ ಮುಚ್ಚಿತು. ನಮಗೆ ಉಳಿದದ್ದು ಸೈನೈಡ್ ಗುಡ್ಡ. ಡಿಜಿಟಲ್ ಗಣಿ ಎಷ್ಟೋ ವಾಸಿ. ಗುಡ್ಡ ಉಳಿಸುವುದಿಲ್ಲ, ಬರೀ ಪಾಸ್‌ವರ್ಡ್ ಉಳಿಸುತ್ತದೆ.

ನನ್ನ ಹಾಳೆಗೆ ಎರಡನೇ ಗಿರಾಕಿಯೂ ಬಂದ. ಇಳಿಸಿಕೊಂಡ, ಬಳಸಿದ, ಮೂರನೇ ದಿನ ಇಷ್ಟವಾಗಲಿಲ್ಲ ಅಂತ ದುಡ್ಡು ವಾಪಸ್ ಪಡೆದ. ಹಾಳೆ ಅವನ ಹತ್ತಿರವೇ ಇದೆ. "ಟೊಮೆಟೊ ಸಾರು ಮಾಡಿ ತಿಂದು, ಟೊಮೆಟೊ ವಾಪಸ್ ಕೊಟ್ಟೆ ಅಂದಂಗಾಯ್ತು" ಎಂದರು ಚಿಕ್ಕಪ್ಪ. ಆ ಗಿರಾಕಿ ಹೋಗುವಾಗ ಒಂದು ಸ್ಟಾರ್ ಕೊಟ್ಟು, "ಇದರಲ್ಲಿ ಒಂದೂ ರೆಸಿಪಿ ಇಲ್ಲ" ಅಂತ ಬರೆದು ಹೋಗಿದ್ದ. ಮೂರನೆಯವನು ಇನ್ನೂ ಜಾಣ. ಹಾಳೆಯ ಹಸಿರನ್ನು ನೀಲಿ ಮಾಡಿ, ತನ್ನ ಹೆಸರು ಹಾಕಿ, ಅದೇ ಅಂಗಡಿಯಲ್ಲಿ ಒಂದೂವರೆ ಡಾಲರಿಗೆ ಇಟ್ಟ. ನಾನು ದೂರು ಕೊಟ್ಟೆ. ಎರಡು ದಿನದ ಮೇಲೆ ಉತ್ತರ ಬಂತು. ಪರಿಶೀಲನೆ ಆಗಿದೆ, ಒಂದೇ ತರದ ಎರಡು ಮಾಲು ಕಂಡುಬಂದಿದೆ, ನಕಲನ್ನು ತೆಗೆದುಹಾಕಿದ್ದೇವೆ ಅಂತ. ತೆಗೆದಿದ್ದು ನನ್ನದನ್ನು. ಖಾತೆಯನ್ನೂ ಮುಚ್ಚಿದರು. ಡ್ಯಾಶ್‌ಬೋರ್ಡಿನ ಚಿಲ್ಲರೆ ಅಲ್ಲೇ ಮಲಗಿದೆ. ನಾನು ಎದ್ದಿರುವಾಗಲೂ ಮಲಗಿರುತ್ತೆ.

ಕೊನೆಗೆ ಹಾಳೆಯನ್ನು ಕನ್ನಡದಲ್ಲೇ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ತುಂಬುವ ಹಾಗೆ ಗೆರೆ ಹಾಕಿ, ಬಸ್‌ಸ್ಟ್ಯಾಂಡ್ ಹತ್ತಿರ ಹತ್ತು ಜೆರಾಕ್ಸ್ ಮಾಡಿಸಿದೆ. ಒಂದಕ್ಕೆ ಇಪ್ಪತ್ತು ರೂಪಾಯಿ ಅಂತ ಚಿಕ್ಕಪ್ಪನ ಮಂಡಿಯ ಗುಮಾಸ್ತರ ಮೇಜಿನ ಮೇಲಿಟ್ಟು ಬಂದೆ. ಸಂಜೆ ಹೋದರೆ ಮೇಜು ಖಾಲಿ. ಗುಮಾಸ್ತರು ಟೀ ಹೇಳಿ, 160 ರೂಪಾಯಿ ಎಣಿಸಿ ಕೊಟ್ಟರು.

"ಹತ್ತು ಇಟ್ಟಿದ್ದೆನಲ್ಲ ಅಣ್ಣ?"

"ಒಂದು ಸ್ಯಾಂಪಲ್ ಹೋಯ್ತು. ಒಂದು ಕಮಿಷನ್."

ಚಿಕ್ಕಪ್ಪ ಬೆರಳಲ್ಲೇ ಲೆಕ್ಕ ಹಾಕಿದರು. "ನೂರಕ್ಕೆ ಇಪ್ಪತ್ತು. ಆ ಆಪಲ್ ಮಂಡಿಗಿಂತ ಹತ್ತು ಕಡಿಮೆ ಕಣಪ್ಪಾ. ಟೀ ಬೇರೆ ಕೊಟ್ರು."