ವಿಡಿಯೋದಲ್ಲಿ ವಾಸನೆ ಬರಲ್ಲ ಸಾರ್

ಡಾಲರ್ 90 ರೂಪಾಯಿ ದಾಟಿದ ದಿನ ನಮ್ಮ ಏರಿಯಾದ ಬಿಲ್ಡರ್ ಪೇಡ ಹಂಚಿದರು. ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿರುವಾಗ ಇದೇನು ಸ್ವಾಮಿ ಅಂದೆ. "ನಮ್ಮ ಫ್ಲ್ಯಾಟು ಫಾರಿನ್‌ನಲ್ಲಿರೋ ನಮ್ಮೋರಿಗೆ ಸುಮ್ನೆ ಕೂತಲ್ಲೇ ಅಗ್ಗ ಆಯ್ತಲ್ಲ ಸಾರ್! ಒಂದು ಜಾಹೀರಾತು ಬರೆದುಕೊಡಿ. ತಾಯ್ನಾಡು-ಗೀಯ್ನಾಡು ಎಲ್ಲ ಬರಬೇಕು, ಓದಿದವರ ಕಣ್ಣಲ್ಲಿ ನೀರು ಬರಬೇಕು" ಅಂದರು. ಬಾಯಲ್ಲಿ ಪೇಡ ಇತ್ತು. ಆಗಲ್ಲ ಅನ್ನಲು ಆಗಲಿಲ್ಲ.

ಜಾಗ ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಒಳಕ್ಕೆ, ಒಂದು ಕೆರೆ ಪಕ್ಕ. ಅಪಾರ್ಟ್‌ಮೆಂಟಿಗೆ ಇಟಲಿಯ ಯಾವುದೋ ಊರಿನ ಹೆಸರು. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ ಕಾನೂನಿದೆಯಲ್ಲ, ಅದಕ್ಕೇ ಇಟಲಿಯನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆಸಿದ್ದಾರೆ. ಎದುರಿಗೆ ಮಾರಮ್ಮನ ಗುಡಿ. ಆಕೆ ಹೆಸರು ಮಾತ್ರ ಇನ್ನೂ ಬದಲಾಗಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಡ್ರೋನ್ ಹಾರಿಸಿದರು. ಆ ಹೊತ್ತಿನಲ್ಲಿ ಬೆಂಗಳೂರೂ ಸ್ವಿಟ್ಜರ್ಲೆಂಡೇ ಬಿಡಿ. ಮಂಜು, ಕೆರೆ, ಎರಡು ಕೊಕ್ಕರೆ. ಡ್ರೋನ್ ಎಡಕ್ಕೆ ತಿರುಗಿತು ಅನ್ನುವಾಗ "ಏಯ್, ಆ ಕಡೆ ಬೇಡ ಕಣೋ!" ಅಂತ ಕೂಗಿದರು. ಆ ಕಡೆ ನೀರಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ನಾನು ಮೂಗು ಮುಚ್ಚಿಕೊಂಡು, ಕೆರೆಗೆ ಬರ್ತಿರೋ ಚರಂಡಿ ಯಾವುದು ಅಂದೆ. ಅವರು ತಣ್ಣಗೆ ಹೇಳಿದರು: "ವಿಡಿಯೋದಲ್ಲಿ ವಾಸನೆ ಬರಲ್ಲ ಸಾರ್."

ಈ ಮಾತಿಗೆ ಪಿಎಚ್‌ಡಿ ಕೊಡಬೇಕು. ಅನಿವಾಸಿ ಮಾರುಕಟ್ಟೆಯ ಗುಟ್ಟೆಲ್ಲ ಇದರಲ್ಲಿದೆ. ಬೆಳ್ಳಂದೂರು ಕೆರೆ ರಸ್ತೆಗೆಲ್ಲ ನೊರೆ ಉಗುಳಿತು, ಬೆಂಕಿಯೂ ಹತ್ತಿಕೊಂಡಿತು. ನೀರು ಉರಿಯುವುದನ್ನು ಬಾಲ್ಕನಿಯಲ್ಲಿ ಕಾಫಿ ಹಿಡಿದು ನೋಡುವ ಭಾಗ್ಯ ವೆನಿಸಿನವರಿಗೂ ಇಲ್ಲ. 2022ರ ಸೆಪ್ಟೆಂಬರಿನಲ್ಲಂತೂ ಕೆರೆಯೇ ವಿಲ್ಲಾಗಳ ಒಳಗೆ ಬಂತು. ಕೋಟಿಗಟ್ಟಲೆ ಕೊಟ್ಟವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಲೇಕ್ ವ್ಯೂ ಅಂದರೆ ಲೇಕ್ ವ್ಯೂ. ಅದಕ್ಕೂ ಚದರಡಿಗೆ ಇಷ್ಟು ಅಂತ ಜಾಸ್ತಿ ಕಾಸು.

ಬ್ರೋಷರಿನಲ್ಲಿ 'ಏರ್‌ಪೋರ್ಟಿಗೆ 45 ನಿಮಿಷ' ಅಂತಿದೆ. ಯಾರ ನಿಮಿಷ, ಯಾವ ದಿನದ ನಿಮಿಷ ಅಂತ ಇಲ್ಲ. ನಮ್ಮ ಹಳ್ಳಿ ಕಡೆ ಹಿಂದೆ ದಾರಿ ಕೇಳಿದರೆ ಅಜ್ಜಂದಿರು "ಇಲ್ಲೇ, ಕೂಗಳತೆ" ಅನ್ನುತ್ತಿದ್ದರು. ನಡೆದೂ ನಡೆದೂ ಚಪ್ಪಲಿ ಕಿತ್ತುಹೋಗುತ್ತಿತ್ತು. ಆದರೆ ಅದು ಸುಳ್ಳು ಅಂತ ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಜೊತೆಗೆ ಒಂದು ಲೋಟ ಮಜ್ಜಿಗೆಯಾದರೂ ಸಿಗುತ್ತಿತ್ತು. ಬ್ರೋಷರಿನವರು ಮಜ್ಜಿಗೆ ಕೊಡಲ್ಲ, ನಕ್ಷೆ ಕೊಡುತ್ತಾರೆ. ಅದರಲ್ಲಿ ಪೆರಿಫೆರಲ್ ರಿಂಗ್ ರೋಡ್ ಇದೆ. ಸುಮಾರು ಎರಡು ದಶಕದಲ್ಲಿ ಆ ರಸ್ತೆಗೆ ಹೊಸ ಹೆಸರು ಬಂತು, ರಸ್ತೆ ಬರಲಿಲ್ಲ. ಸಬರ್ಬನ್ ರೈಲಿನ ಸ್ಟೇಷನ್ನೂ ಇದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳು ಅಂದಿದ್ದರು. ಲೆಕ್ಕ ನೀವೇ ಹಾಕಿ.

"ಫಾರ್ಮ್ ಪ್ಲಾಟೂ ಸೇರಿಸಿ ಸಾರ್" ಅಂದರು. ಅನಿವಾಸಿಗಳು ಇಲ್ಲಿ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ, ಫೆಮಾ ಅಂತ ವಿದೇಶಿ ವಿನಿಮಯದ ಕಾನೂನಿದೆ ಅಂದೆ. "ಅದಕ್ಕೇ ನಾವು ಗಾರ್ಡನ್ ರಿಟ್ರೀಟ್ ಅಂತ ಹಾಕೋದು" ಅಂದರು. ಪಹಣಿಯಲ್ಲಿ ರಾಗಿ ಹೊಲ, ಬ್ರೋಷರಿನಲ್ಲಿ ರಿಟ್ರೀಟ್. ರೇರಾ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರ, ಕೊಟ್ಟ ನಂಬರ್ ಎಲ್ಲಿ ಅಂತ ಕೇಳಿದೆ. ಇಲ್ಲದೆ ಜಾಹೀರಾತು ಕೊಡುವ ಹಾಗಿಲ್ಲ. ಇತ್ತು. ಇರುವೆ ಕಾಲಿನಷ್ಟು ಸಣ್ಣಗೆ, ಈಜುಕೊಳದ ನೀಲಿ ಮೇಲೆ ನೀಲಿ ಅಕ್ಷರದಲ್ಲಿ.

ಇಲ್ಲಿಯವರೆಗೆ ನಗು ಬಂತು. ಆಮೇಲೆ ಬರಲಿಲ್ಲ. ಫಾರಿನ್ ಅಂದರೆ ಎಲ್ಲರೂ ಕ್ಯಾಲಿಫೋರ್ನಿಯಾದ ಟೆಕ್ಕಿಗಳಲ್ಲ. ಕುಂದಾಪುರದಿಂದ, ಭಟ್ಕಳದಿಂದ ಗಲ್ಫಿಗೆ ಹೋದವರೂ ಇದ್ದಾರೆ. ಎಷ್ಟು ವರ್ಷ ದುಡಿದರೂ ಆ ದೇಶ ಅವರನ್ನು ತನ್ನವರು ಅನ್ನಲ್ಲ. ಕೆಲಸ ಮುಗಿದರೆ ವಾಪಸ್. ಅವರಿಗೆ ಇದು ಇನ್ವೆಸ್ಟ್‌ಮೆಂಟ್ ಅಲ್ಲ ಕಣ್ರೀ, ವಾಪಸ್ ಬಂದಾಗ ಚಪ್ಪಲಿ ಬಿಡುವ ಜಾಗ. ಸೌದಿಯ ದಮ್ಮಾಮಿನಲ್ಲಿ ಒಂದು ರೂಮಿನಲ್ಲಿ ಆರು ಜನ ಮಲಗಿ ಉಳಿಸಿದ ದುಡ್ಡು ಅದು. ಮೋಸ ಆದರೆ ರೇರಾ ಪರಿಹಾರದ ಆದೇಶ ಕೊಡುತ್ತೆ, ಸರಿ. ಬಿಲ್ಡರ್ ಕೊಡದಿದ್ದರೆ ವಸೂಲಿ ಮಾಡಬೇಕಾದದ್ದು ಕಂದಾಯ ಇಲಾಖೆ. ಆ ಕಚೇರಿ ಮೆಟ್ಟಿಲು ಹತ್ತಲು ಗಲ್ಫಿನಲ್ಲಿರುವವನು ಎಷ್ಟು ಸಲ ರಜೆ ಹಾಕಬೇಕು? ಟಿಕೆಟ್ ದುಡ್ಡು ಯಾರು ಕೊಡ್ತಾರೆ?

ಕೊನೆಗೆ ಒಂದೇ ಸಾಲು ಬರೆದುಕೊಟ್ಟೆ: 'ಊರಲ್ಲಿರುವ ಅಪ್ಪನನ್ನು ಒಮ್ಮೆ ಕಳಿಸಿ, ಸಂಜೆ ಹೊತ್ತು, ಕೆರೆ ಕಡೆಯಿಂದ ಗಾಳಿ ಬೀಸುವಾಗ.'

ಬಿಲ್ಡರ್ ಎರಡು ಸಲ ಓದಿದರು. ಕಣ್ಣು ಒದ್ದೆಯಾಯಿತು. "ಫಸ್ಟ್ ಕ್ಲಾಸ್ ಫೀಲಿಂಗ್ ಸಾರ್! ಅಪ್ಪ ಇರಲಿ" ಅಂದರು. ಜೇಬಿನಿಂದ ಪೆನ್ನು ತೆಗೆದು ಸಂಜೆಯನ್ನೂ ಗಾಳಿಯನ್ನೂ ಹೊಡೆದುಹಾಕಿದರು. ಪಕ್ಕದಲ್ಲಿ ತಾವೇ ಸೇರಿಸಿದರು: 'ಬೆಳಿಗ್ಗೆ ಆರಕ್ಕೆ ನಮ್ಮ ಕಾರು ಬರುತ್ತೆ. ತಿಂಡಿ ಫ್ರೀ.'